ಖಾಲಿ ಕೋಣೆಯ ವಾಲ್ವ್

ಓದುವ ಕೋಣೆಯ ನೆಲ ಕಾಯಿಸುವ ಕೊಳವೆಯ ವಾಲ್ವ್ ಸುಲಭವಾಗಿ ತಿರುಗಿ ಮುಚ್ಚಿತು. ಮಲಗುವ ಕೋಣೆಯದು ಹಟ ಹಿಡಿಯಿತು. ಇನ್‌ಸೂ ಸಿಂಕಿನ ಕೆಳಗಿನ ಕಪಾಟಿನೊಳಗೆ ತಲೆ ತೂರಿಸಿ, ಮೊಣಕೈ ಊರಿಕೊಂಡು, ಇನ್ನೊಮ್ಮೆ ಬಲ ಹಾಕಿದ. ತಿರುಗಿತು. ಇನ್ನು ಬಾಯ್ಲರಿನ ಬಿಸಿನೀರಿಗೆ ಬೇರೆ ದಾರಿಯಿರಲಿಲ್ಲ. ಹಾಲ್‌ನ ನೆಲದಡಿಯ ಕೊಳವೆಯೊಂದೇ ಗತಿ.

ನಾಲ್ಕನೆಯ ವಾಲ್ವ್, ಒಳಕೋಣೆಯದು, ಮೊದಲೇ ಮುಚ್ಚಿತ್ತು. ಅವನು ಅದರ ಕಡೆ ನೋಡಲಿಲ್ಲ.

ಹೊರಗೆ ಬರುವಾಗ ಕಪಾಟಿನ ಅಂಚಿಗೆ ತಲೆ ತಾಗಿತು. ಐವತ್ತೆಂಟು ವರ್ಷದ, ಮನೆಯೊಳಗಿನ ಹವೆಯ ಬಗ್ಗೆ ಎರಡು ಪುಸ್ತಕ ಬರೆದಿರುವ ಪ್ರೊಫೆಸರೊಬ್ಬ ತನ್ನದೇ ಅಡುಗೆಮನೆಯಲ್ಲಿ ನೆತ್ತಿ ಉಜ್ಜಿಕೊಳ್ಳುತ್ತ ಕೂತದ್ದನ್ನು ನೋಡಲು ಯಾರೂ ಇರಲಿಲ್ಲ. ಒಂದು ಲೆಕ್ಕದಲ್ಲಿ ಅದು ಅನುಕೂಲವೇ.

‘ಹನ್ನೊಂದಕ್ಕೆ ಬರ್ತೀವಿ’ ಎಂದು ಹೆಂಡತಿ ಹೇರಾನ್ ಮೆಸೇಜ್ ಮಾಡಿದ್ದಳು. ಬರ್ತೀನಿ ಅಲ್ಲ, ಬರ್ತೀವಿ. ಜೊತೆಗೆ ಅವಳ ತಮ್ಮ ಜುನ್‌ಮೋ, ಅವನ ಸಣ್ಣ ಲಾರಿ. ಅವಳು ಮಲಗುತ್ತಿದ್ದ ಒಳಕೋಣೆಯಲ್ಲಿರುವ ಅವಳ ಅಮ್ಮನ ಬೀರುವನ್ನು ತೆಗೆದುಕೊಂಡು ಹೋಗುತ್ತಾರೆ. ದೊಂಗ್ಹೆಯಲ್ಲಿ, ಸಮುದ್ರದ ಹತ್ತಿರ, ಚಿಕ್ಕದೊಂದು ಮನೆ ಹಿಡಿದಿದ್ದಾಳಂತೆ. ಇದೂ ಮೆಸೇಜಿನಲ್ಲೇ ತಿಳಿದದ್ದು.

ದಿನವನ್ನು ಪಂಚಾಂಗ ನೋಡಿಯೇ ಆರಿಸಿದ್ದಳು: ಯಾವ ದಿಕ್ಕಿನಲ್ಲೂ ದೆವ್ವಗಳು ಓಡಾಡದ ದಿನ. ಮನೆ ಬದಲಾಯಿಸುವವರೆಲ್ಲ ಮುಗಿಬೀಳುವ ದಿನ, ಲಾರಿ ಸಿಗದ ದಿನ. ಹದಿನೈದು ವರ್ಷದ ಹಿಂದೆ ವೊಂಜುವಿನ ಈ ಅಪಾರ್ಟ್‌ಮೆಂಟಿಗೆ ಬರುವಾಗಲೂ ಅವಳು ಅಂಥದ್ದೇ ದಿನ ಕೇಳಿದ್ದಳು. ದೆವ್ವಗಳಿಗೆ ವೇಳಾಪಟ್ಟಿ ಯಾರು ಮಾಡಿಕೊಡುತ್ತಾರೆ ಎಂದು ನಕ್ಕು, ಅವನು ಒಂದು ಮಂಗಳವಾರ ಸಾಮಾನು ಸಾಗಿಸಿದ್ದ.

ಇವತ್ತು ಅವಳನ್ನು ‘ಇಲ್ಲೇ ಇರು’ ಅನ್ನಬೇಕು. ಅನ್ನುವುದು ಹೇಗೆಂದು ತಿಳಿಯದೆ ಬೆಳಗಿನಿಂದ ವಾಲ್ವ್ ತಿರುಗಿಸುತ್ತಿದ್ದ.

ಹಾಲ್‌ನಲ್ಲಿ, ಬಿಸಿನೀರಿನ ಕೊಳವೆ ಮೊದಲು ಬಂದು ತಿರುಗುವ ಗೋಡೆಯ ಬದಿಯಲ್ಲಿ, ಅಂಗೈಯಿಟ್ಟು ನೋಡಿದ. ಏರುತ್ತಿತ್ತು. ಅಲ್ಲಿ ಹತ್ತಿಯ ರಜಾಯಿ ಮಡಿಸಿ ಹಾಸಿದ. ಅಡುಗೆಮನೆಗೆ ಹೋಗಿ ಪಾತ್ರೆಯಲ್ಲಿ ಮಾಡಿದ್ದ ಅನ್ನವನ್ನು ಮುಚ್ಚಳವಿರುವ ಹಿತ್ತಾಳೆ ಬಟ್ಟಲಿಗೆ ತುಂಬಿದ. ಅನ್ನ ತಳ ಹಿಡಿದಿತ್ತು. ಮೇಲಿನದನ್ನಷ್ಟೇ ಜೋಪಾನವಾಗಿ ತೆಗೆದ. ಬಟ್ಟಲನ್ನು ರಜಾಯಿಯ ಮಡಿಕೆಯೊಳಗೆ ತಳ್ಳಿ, ಮೇಲೆ ತಟ್ಟಿ ಸಮ ಮಾಡಿದ.

ಮಾಡಿದ ಮೇಲೆ ನಾಚಿಕೆಯಾಯಿತು. ತೆಗೆಯಲು ಕೈ ಚಾಚಿದ. ತೆಗೆಯಲಿಲ್ಲ.

ಅವನು ಹುಟ್ಟಿದ್ದು ಕಲ್ಲಿದ್ದಲ ಗಣಿಯ ಊರಿನಲ್ಲಿ. ಮನೆಯೆಂದರೆ ಒಂದೇ ಉದ್ದನೆಯ ಕೋಣೆ, ಆಚೆ ತುದಿಯಲ್ಲಿ ಒಲೆ. ಒಲೆಯ ಹೊಗೆ ನೆಲದ ಕಲ್ಲುಗಳ ಕೆಳಗೆ ಹಾಯುತ್ತಿತ್ತು. ಒಲೆಯ ಕಡೆ ನೆಲಕ್ಕೆ ಅಂಟಿಸಿದ್ದ ಎಣ್ಣೆಕಾಗದ ಸುಟ್ಟು ಕಂದಾಗಿರುತ್ತಿತ್ತು. ಈಚೆ ತುದಿಯಲ್ಲಿ ಕುಡಿಯಲಿಟ್ಟ ನೀರು ಬೆಳಗಾಗುವಾಗ ಹೆಪ್ಪುಗಟ್ಟಿರುತ್ತಿತ್ತು. ಬಿಸಿ ಜಾಗ ಅಜ್ಜನದು, ಬಂದ ನೆಂಟರದು, ಪಾಳಿ ಮುಗಿಸಿ ಬರುವ ಅಪ್ಪನದು. ಅಪ್ಪ ಬರುವ ತನಕ ಅಲ್ಲಿ ರಜಾಯಿಯಡಿ ಅವನ ಅನ್ನದ ಬಟ್ಟಲು ಕೂತಿರುತ್ತಿತ್ತು. ಆಡುವಾಗ ಕಾಲು ತಾಗಿ ಉರುಳಿಸಿದರೆ ಅಮ್ಮ ಬೆನ್ನಿಗೆ ಬಿಗಿಯುತ್ತಿದ್ದಳು. ಕಿರಿಯವನಾದ ಇನ್‌ಸೂ ಮಲಗುತ್ತಿದ್ದದ್ದು ನೀರು ಹೆಪ್ಪುಗಟ್ಟುವ ತುದಿಯಲ್ಲಿ.

ಆ ಸಿಟ್ಟಿಗೆ ಅವನು ಮುಂದೆ ವಿಜ್ಞಾನ ಎಂದು ಹೆಸರಿಟ್ಟ. ಕೊಳವೆಗಳ ನಡುವಿನ ಅಂತರ, ಸಿಮೆಂಟಿನ ದಪ್ಪ, ನೀರಿನ ವೇಗ ಎಲ್ಲವನ್ನೂ ಲೆಕ್ಕ ಹಾಕಿ, ಯಾವ ಮೂಲೆಯಲ್ಲಿ ಕಾಲಿಟ್ಟರೂ ಒಂದೇ ಬಿಸಿಯಿರುವ ನೆಲವನ್ನು ಸಾಧಿಸುವುದರಲ್ಲಿ ಆಯುಷ್ಯ ಕಳೆದ. ಸನ್ಮಾನವೂ ಆಯಿತು. ಈ ಮನೆಯ ನೆಲವನ್ನು ಅವನೇ ನಿಂತು ಹಾಕಿಸಿದ್ದ.

“ಚೆನ್ನಾಗಿದೆ,” ಅಂದಿದ್ದಳು ಹೇರಾನ್ ಮೊದಲ ಚಳಿಗಾಲದಲ್ಲಿ. “ಎಲ್ಲಿ ಕೂತ್ರೂ ಒಂದೇ. ಬಂದವರಿಗೆ ‘ಇಲ್ಲಿ ಬನ್ನಿ, ಇಲ್ಲಿ ಕೂತ್ಕೊಳ್ಳಿ’ ಅನ್ನೋಕೆ ಮಾತ್ರ ಒಂದು ಜಾಗ ಇಲ್ಲ.”

ಅದನ್ನು ಅವನು ಹೊಗಳಿಕೆಯೆಂದೇ ಎಣಿಸಿದ್ದ.

ಗೋಡೆಯ ಮೀಟರ್ ನೋಡಿದ. ಇಪ್ಪತ್ತೆರಡು ಡಿಗ್ರಿ, ತೇವ ನಲವತ್ತೈದು. ನೆಲ ಕಾಯಿಸಿದರೆ ಗಾಳಿ ಒಣಗುತ್ತದೆ, ಗಂಟಲು ಕೆರೆಯುತ್ತದೆ. ಅದಕ್ಕೆಂದು ದಿನವೂ ಮಲಗುವ ಮುಂಚೆ ಟವೆಲುಗಳನ್ನು ನೆನೆಸಿ ಹಿಂಡಿ ಹಾಲ್‌ನಲ್ಲಿ ಹರವುತ್ತಿದ್ದ. ಬೆಳಗಾಗುವಾಗ ಅವು ಗರಿಗರಿ ಒಣಗಿರುತ್ತಿದ್ದವು. ಮೀಟರ್ ಮಾತ್ರ ಅಲ್ಲಾಡುತ್ತಿರಲಿಲ್ಲ. ಅವಳು ಹೋದ ಮೂರು ತಿಂಗಳಲ್ಲಿ ಈ ಮನೆಯಲ್ಲಿ ಹದ ತಪ್ಪದೆ ಇದ್ದದ್ದು ಈ ಒಂದು ಅಂಕಿ. ಅಷ್ಟೊಂದು ನೀರು ದಿನಾ ಎಲ್ಲಿಗೆ ಹೋಗುತ್ತದೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದರೆ ತಕ್ಷಣ ಉತ್ತರ ಹೇಳುತ್ತಿದ್ದ. ಯಾರೂ ಕೇಳಲಿಲ್ಲ.

ಬಾಗಿಲ ಗಂಟೆ ಸದ್ದಾಯಿತು. ಬಾಗಿಲು ತೆಗೆಯುವ ನಂಬರ್ ಅವಳಿಗೆ ಗೊತ್ತಿತ್ತು. ಆದರೂ ಗಂಟೆ ಒತ್ತಿದ್ದಳು.

“ಭಾವಾ!” ಜುನ್‌ಮೋ ಬೂಟು ಕಳಚುವ ಮೊದಲೇ ಶುರುಮಾಡಿದ. “ಏನ್ ಸೊರಗೇ ಇಲ್ವಲ್ಲ ನೀವು! ಬರೀ ನೂಡಲ್ಸ್ ತಿಂದು ಕಡ್ಡಿ ಆಗಿರ್ತಾರೆ ಅಂತಿದ್ಲು ಅಕ್ಕ.”

“ನಾನೆಲ್ಲಿ ಅಂದೆ,” ಅಂದಳು ಹೇರಾನ್ ಅವನ ಹಿಂದಿನಿಂದ.

ಕೂದಲು ಗಿಡ್ಡ ಮಾಡಿಸಿದ್ದಳು. ಕೋಟಿನ ಗುಂಡಿ ಬಿಚ್ಚಲಿಲ್ಲ. ಒಳಗೆ ಬಂದು, ಬಾಗಿಲ ಹತ್ತಿರವೇ, ಗೋಡೆಗೆ ಒರಗದೆ ಕೂತಳು, ಗ್ಯಾಸ್ ಮೀಟರ್ ಓದಲು ಬಂದವರು ಒಂದು ಗಳಿಗೆ ಕೂರುವ ಹಾಗೆ.

ಇಲ್ಲಿ ಬಾ, ಇಲ್ಲಿ ಬೆಚ್ಚಗಿದೆ. ಅಷ್ಟೇ ಹೇಳಬೇಕಾಗಿದ್ದದ್ದು.

“ಅಲ್ಲಿ ನೆಲ ತಣ್ಣಗಿದೆ,” ಅಂದ.

“ಪರವಾಗಿಲ್ಲ. ಹೊರಡೋರು ತಾನೆ.”

ಅಷ್ಟರಲ್ಲಿ ಜುನ್‌ಮೋ ಹಾಲ್ ತುಂಬ ಕಾಲ್ಚೀಲದಲ್ಲಿ ಓಡಾಡಿ, ತಣ್ಣಗಿರುವ ಕಡೆ ಹೆಜ್ಜೆ ಎತ್ತಿಟ್ಟು, ಗೋಡೆಯ ಬದಿಗೆ ತಲುಪಿದ್ದ. “ಅಯ್ಯೋ ದೇವರೇ, ಇಲ್ಲಿ ನೋಡು! ಕಾವಲಿ! ಭಾವ, ನಿಮ್ಮ ನೆಲ ಕೆಟ್ಟಿದೆ ಕಣ್ರಿ. ಒಂದು ಕಡೆ ಸ್ನಾನದ ಮನೆ ಕಲ್ಲು, ಒಂದು ಕಡೆ ಬೆಂಕಿ.” ಹೇಳುತ್ತಲೇ ಧೊಪ್ಪನೆ ಕೂತು ಎರಡೂ ಕಾಲನ್ನು ರಜಾಯಿಯೊಳಗೆ ತೂರಿಸಿದ.

ಹಿತ್ತಾಳೆಯ ಸದ್ದಾಯಿತು.

“ಇದೇನಿದು?” ಜುನ್‌ಮೋ ಕೈ ಹಾಕಿ ಬಟ್ಟಲನ್ನು ಹೊರಗೆಳೆದ. ಮುಚ್ಚಳ ಓರೆಯಾಗಿತ್ತು, ನಾಲ್ಕು ಅಗುಳು ರಜಾಯಿಗೆ ಅಂಟಿಕೊಂಡವು. ಐವತ್ತರ ಮುಖ ಒಮ್ಮೆಗೇ ಎಂಟು ವರ್ಷದ್ದಾಯಿತು. “ಅಕ್ಕಾ! ಅನ್ನ! ಅಮ್ಮ ಇಡ್ತಿದ್ಲಲ್ಲ, ಹಾಗೇ! ಒದ್ದು ಒದೆ ತಿಂತಿದ್ವಲ್ಲ!”

ಹೇರಾನ್ ನೋಡಿದಳು. ಬಟ್ಟಲನ್ನು, ಅಗುಳನ್ನು, ಆಮೇಲೆ ಅವನನ್ನು.

“ರೀ, ಇದೇನ್ರೀ?”

ಮೂರು ತಿಂಗಳ ಮೇಲೆ ಆ ‘ರೀ’ ಮತ್ತೆ ಕೇಳಿತು. ಇಷ್ಟು ವರ್ಷ ಕಿವಿಗೆ ಬೀಳದೆ ಹೋದ ಶಬ್ದ ಅದು. ನಿನಗೇ, ಅನ್ನಬೇಕು. ಮೂರೇ ಅಕ್ಷರ.

“ನಂದು,” ಅಂದ. “ಮೈಕ್ರೋವೇವ್ ಕೆಟ್ಟಿದೆ. ಬಿಸಿ ಇರ್ಲಿ ಅಂತ ಇಟ್ಟಿದ್ದೆ.”

“ಓ,” ಅಂದಳು.

ಎದ್ದು ಬಂದು, ರಜಾಯಿಯ ಅಗುಳುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಂಡಳು. ಮುಚ್ಚಳ ಸರಿಯಾಗಿ ಕೂರಿಸಿ, ಬಟ್ಟಲನ್ನು ಇದ್ದಲ್ಲಿಗೇ ಇಟ್ಟು, ರಜಾಯಿ ಹೊದಿಸಿದಳು. ಅವಳ ಮಂಡಿ ಒಂದು ಕ್ಷಣ ಆ ಬಿಸಿ ನೆಲದ ಮೇಲಿತ್ತು. ಅಷ್ಟೇ. “ಜುನ್‌ಮೋ, ಏಳು. ಕೆಲಸ ನೋಡೋಣ.”

ಒಳಕೋಣೆಯ ಬಾಗಿಲು ಉಬ್ಬಿಕೊಂಡಿತ್ತು. ಜುನ್‌ಮೋ ಭುಜ ಕೊಟ್ಟು ತಳ್ಳಬೇಕಾಯಿತು. ತೆರೆದಾಗ ಬಂದ ಗಾಳಿ ಹೊರಗಿನ ಗಾಳಿಯಂತೆ ಒಣ ಚಳಿಯದಲ್ಲ; ಬಾವಿಯೊಳಗಿನ ಥಂಡಿ. ಕಿಟಕಿಯ ಗಾಜಿನ ತುಂಬ ಮಂಜು ಗಟ್ಟಿಯಾಗಿ ಕೂತಿತ್ತು.

ಬೀರು ಮಾತ್ರ ಹೊಳೆಯುತ್ತಿತ್ತು. ಕರಿ ಅರಗಿನ ಮೇಲೆ ಚಿಪ್ಪಿನ ಕುಸುರಿ: ಎರಡು ಬಾಗಿಲು, ಎರಡು ಕೊಕ್ಕರೆ, ನಡುವೆ ಒಂದು ಪೈನ್ ಮರ. ಹೇರಾನ್ ಬಾಗಿಲು ತೆರೆದು ಅಮ್ಮನ ರೇಷ್ಮೆ ಹೊದಿಕೆಯನ್ನು ತೆಗೆದಳು. ಮೂಗಿಗೆ ಹಿಡಿದಳು. ಮತ್ತೆ ಒಳಗಿಟ್ಟಳು.

“ಹಿಡೀರಿ ಭಾವ. ಒಂದು, ಎರಡು...”

ಎಳೆದರು. ಬೀರು ಗೋಡೆಯಿಂದ ಬಿಟ್ಟುಕೊಳ್ಳುವಾಗ ಒದ್ದೆ ಕಾಗದ ಹರಿದ ಸದ್ದಾಯಿತು. ಗೋಡೆಯ ಹೂವಿನ ಕಾಗದ ಬೀರುವಿನ ಬೆನ್ನಿಗೆ ಅಂಟಿ ಬಂದಿತ್ತು. ಅದರ ಹಿಂದೆ ಗೋಡೆ ಬಿಳಿಯಾಗಿರಲಿಲ್ಲ. ನೆಲದಿಂದ ಆಳೆತ್ತರಕ್ಕೆ ಬೂಷ್ಟು, ಕಪ್ಪಗೆ, ದಟ್ಟವಾಗಿ, ಅಂಚಿನಲ್ಲಿ ಹಸಿರು. ಬೀರುವಿನ ಹಿಂಬದಿಯ ಹಲಗೆ ಮೆತ್ತಗಾಗಿ, ಜುನ್‌ಮೋನ ಬೆರಳು ಒತ್ತಿದಲ್ಲಿ ಒಳಗೆ ಹೋಯಿತು.



“ಭಾವ,” ಅಂದ ಜುನ್‌ಮೋ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, “ಇದು ನಿಮ್ಮ ಸಬ್ಜೆಕ್ಟೇ ಅಲ್ವಾ?”

ಅದು ಅವನ ಸಬ್ಜೆಕ್ಟೇ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತಿದ್ದ: ಯಾರೂ ಇಲ್ಲದ ಕೋಣೆ ಎಂದು ಅದರ ವಾಲ್ವ್ ಮುಚ್ಚಬೇಡಿ. ಸ್ವಲ್ಪವಾದರೂ ತೆರೆದಿಡಿ. ಬೆಚ್ಚಗಿರುವ ಕೋಣೆಗಳ ಉಸಿರು, ಬೇಯಿಸಿದ ಆವಿ, ಒಗೆದ ಬಟ್ಟೆಯ ನೀರು ಎಲ್ಲವೂ ಬಾಗಿಲ ಸಂದಿಯಲ್ಲಿ ನುಸುಳಿ ಮನೆಯಲ್ಲಿ ಅತ್ಯಂತ ತಣ್ಣಗಿರುವ ಗೋಡೆಯನ್ನು ಹುಡುಕಿಕೊಂಡು ಹೋಗಿ ಅಲ್ಲಿ ಕೂರುತ್ತವೆ. ಹುಡುಗರು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಖಂಡಿತ ಬರುವ ಪ್ರಶ್ನೆ.

“ನಿಮ್ಮ ಮೀಟರ್ ಎಷ್ಟು ತೋರಿಸ್ತಿತ್ತು?” ಹೇರಾನ್ ಕೇಳಿದಳು.

“ನಲವತ್ತೈದು.”

“ಎಲ್ಲಿಟ್ಟಿದ್ರಿ ಅದನ್ನ?”

“ಹಾಲ್‌ನಲ್ಲಿ.”

ಅವಳು ತಲೆಯಾಡಿಸಿದಳು. ಸಿಟ್ಟು ಮಾಡಿದ್ದರೆ ಚೆನ್ನಾಗಿರುತ್ತಿತ್ತು. ಕೊಕ್ಕರೆಯೊಂದರ ಕುತ್ತಿಗೆಯ ಮೇಲೆ ಬೆರಳಾಡಿಸಿ, “ಬಾಗಿಲು ಎರಡೂ ಬಿಚ್ಚು,” ಅಂದಳು ತಮ್ಮನಿಗೆ. “ಅಷ್ಟು ಸಾಕು. ಉಳಿದದ್ದು ಬೇಡ.”

“ಬರೀ ಬಾಗಿಲು ತಗೊಂಡೋಗಿ ಏನ್ ಮಾಡ್ತೀಯ?”

“ಗೋಡೆಗೆ ಒರಗಿಸ್ಕೋತೀನಿ.”

ಜುನ್‌ಮೋ ಗೊಣಗುತ್ತ ತಿರುಪು ಬಿಚ್ಚಿದ. ದೆವ್ವ ಇಲ್ಲದ ದಿನ ಅಂತ ಬೆಳಗ್ಗೆಯಿಂದ ಹೊಟ್ಟೆಗಿಲ್ಲದೆ ಲಾರಿ ಓಡಿಸಿದ್ದಕ್ಕೆ ಎರಡು ಬಾಗಿಲೇ, ಅದೂ ಆಚೆಗೆ ಮನೆಯಿಲ್ಲದ ಬಾಗಿಲು, ಅಂದ. ಒಂದು ಬಾಗಿಲನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೇರಿಸಿ ಲಿಫ್ಟಿನ ಕಡೆ ಹೋದ.

ಇನ್‌ಸೂ ಒಳಕೋಣೆಯಲ್ಲೇ ನಿಂತಿದ್ದ. ಅಡುಗೆಮನೆಯಲ್ಲಿ ಹೇರಾನ್ ಏನೋ ಮಾಡುತ್ತಿದ್ದಳು. ಬಾರ್ಲಿ ಚಹಾದ ಹೂಜಿ ಎತ್ತಿದ ಸದ್ದು. ಲೋಟ. ಆಮೇಲೆ ಒಂದು ಗುಂಡಿ ಒತ್ತಿದ ಕುಂಯ್, ಹಿಂದೆಯೇ ಸಣ್ಣಗೆ ಗುರ್ರೆನ್ನುವ ಯಂತ್ರ.

ಮೈಕ್ರೋವೇವ್.

ಅದು ತಿರುಗಿ ತಿರುಗಿ ಮುಗಿದು, ಟಿಣ್ ಎಂದಿತು. ಬಾಗಿಲು ತೆಗೆದಳು, ಹಾಕಿದಳು. ಲೋಟ ಹಿಡಿದು ಬಂದು ಕೋಣೆಯ ಹೊಸ್ತಿಲಲ್ಲಿ ನಿಂತಳು. ಲೋಟದಿಂದ ಹಬೆಯಾಡುತ್ತಿತ್ತು.

“ಹೊರಗೆ ಮೈನಸ್ ಹದಿನಾಲ್ಕಂತೆ,” ಅಂದ.

“ಹ್ಞೂಂ.”

ಒಂದು ಗುಟುಕು ಕುಡಿದಳು. “ಈ ಕೋಣೆ ವಾಲ್ವ್ ಯಾವಾಗ ಮುಚ್ಚಿದ್ರಿ?”

ನೆನಪಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದ. ಗೋಡೆ ಎದುರಿಗೇ ಇತ್ತು. “ನೀನು ಹೋದ ದಿನ.”

“ಅವತ್ತೇ?”

“ಅವತ್ತೇ ಸಂಜೆ.”

“ನಾನು ತಂಗಿ ಮನೆಗೆ ನಾಲ್ಕು ದಿನ ಹೋಗಿಬರ್ತೀನಿ ಅಂತ ತಾನೆ ಹೇಳಿದ್ದು.”

“ಅನ್ನದ ಕುಕ್ಕರ್ ತಗೊಂಡು ಹೋದ್ಯಲ್ಲ.”

ಹೇರಾನ್‌ಗೆ ಮೊದಲು ಅರ್ಥವಾಗಲಿಲ್ಲ. ಅವನಿಗೆ ಮಾತ್ರ ಆ ಚಿತ್ರ ಮೂರು ತಿಂಗಳಿನಿಂದ ಕಣ್ಣ ಮುಂದಿತ್ತು: ಒಂದು ಕೈಯಲ್ಲಿ ಚೀಲ, ಇನ್ನೊಂದು ಕಂಕುಳಲ್ಲಿ ವೈರು ಸುತ್ತಿದ ಕುಕ್ಕರ್, ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿರುವುದು. ಹೊಸ ಮನೆಗೆ ಎಲ್ಲಕ್ಕಿಂತ ಮುಂಚೆ ಹೊಗುವುದು ಅನ್ನದ ಕುಕ್ಕರ್, ಆಮೇಲೆ ಮನುಷ್ಯರು. ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ದೆವ್ವದ ಪಂಚಾಂಗಕ್ಕೆ ನಕ್ಕಿದ್ದ ಅವನು ಕುಕ್ಕರನ್ನು ಮಾತ್ರ ನಂಬಿದ್ದ. ಅವಳು ಹೋಗಿಬಿಟ್ಟಳು ಎಂದು ಲಿಫ್ಟು ಕೆಳಗೆ ಮುಟ್ಟುವ ಮೊದಲೇ ತೀರ್ಮಾನಿಸಿ, ಸಿಂಕಿನ ಕೆಳಗೆ ಬಗ್ಗಿದ್ದ.

ಅವಳ ಮುಖದಲ್ಲಿ ಅದು ನಿಧಾನವಾಗಿ ತಿಳಿಯುತ್ತಾ ಬಂತು.

“ತಂಗಿ ಮನೆ ಕುಕ್ಕರ್ ಕೆಟ್ಟಿತ್ತು,” ಅಂದಳು. “ಮಂಡಿ ಆಪರೇಷನ್ ಆದವಳಿಗೆ ಗಂಜಿ ಮಾಡಿ ಹಾಕ್ಬೇಕಿತ್ತು. ಅದಕ್ಕೆ ತಗೊಂಡೋದೆ.”

ಕಿಟಕಿಯ ಗಾಜಿನ ಮೇಲೆ, ತೆರೆದ ಬಾಗಿಲಿನಿಂದ ಬಂದ ಬಿಸಿಗೆ, ಮಂಜಿನ ಒಂದು ಹಾಳೆ ಕರಗಿ ಜಾರಿತು.

“ಬ್ಯಾಗಿಂದ ಬಟ್ಟೆ ಕೂಡ ತೆಗೆದಿಟ್ಟಿರ್ಲಿಲ್ಲ ನಾನು. ಎಷ್ಟೋ ದಿನ. ಇವತ್ತು ಫೋನ್ ಮಾಡ್ತಾರೆ, ಕುಕ್ಕರ್ ಇಲ್ದೆ ಏನ್ ತಿನ್ಲಿ ಅಂತಾದ್ರೂ ಬೈತಾರೆ, ಅಂದ್ಕೋತಿದ್ದೆ.”

“ನೀನೂ ಮಾಡ್ಲಿಲ್ಲ.”

“ಹೌದು. ಮಾಡ್ಲಿಲ್ಲ.”

ಇರು, ಅನ್ನುವ ಮಾತು ನಾಲಿಗೆಯ ತುದಿಯ ತನಕ ಬಂದಿತ್ತು. ನಿಜಕ್ಕೂ ಬಂದಿತ್ತು. ಆದರೆ ಯಾವುದಕ್ಕೆ ಇರು ಅನ್ನಬೇಕು? ಈ ಗೋಡೆಗೋ? ಅವನು ಗೋಡೆಯ ಕಡೆ ಕೈ ತೋರಿಸಿ, “ಇದನ್ನ ಕೆರೆಸಿ, ಔಷಧಿ ಹೊಡೆಸಿ, ಬೇರೆ ಕಾಗದ ಅಂಟಿಸಿದ್ರೆ ಗೊತ್ತೇ ಆಗಲ್ಲ,” ಅಂದ.

“ಗೊತ್ತಾಗಲ್ಲ,” ಅಂದಳು ಹೇರಾನ್. ಒಪ್ಪಿದಂತೆಯೇ ಇತ್ತು ಧ್ವನಿ.

ಜುನ್‌ಮೋ ಕೈ ಉಜ್ಜಿಕೊಳ್ಳುತ್ತ ಬಂದು ಎರಡನೆಯ ಬಾಗಿಲನ್ನು ಎತ್ತಿಕೊಂಡ. ಹೇರಾನ್ ಲೋಟ ತೊಳೆದು ಬೋರಲು ಹಾಕಿದಳು. ಬೂಟು ಮೆಟ್ಟುವಾಗ ಸಮತೋಲ ತಪ್ಪಿ ಗೋಡೆ ಹಿಡಿದುಕೊಂಡಳು. ಅವನು ಕೈ ಚಾಚುವಷ್ಟರಲ್ಲಿ ನಿಂತಿದ್ದಳು.

“ಅನ್ನ ಊಟ ಮಾಡಿ,” ಅಂದಳು. “ಆರಿಹೋಗುತ್ತೆ.”

“ಆರಲ್ಲ. ನೆಲ ಬಿಸಿಯಿದೆ.”

ಅವಳು ಅವನನ್ನು ಒಂದು ಸಲ ನೋಡಿದಳು. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ಈ ಸಲ ಅವಳ ಕಂಕುಳಲ್ಲಿ ಏನೂ ಇರಲಿಲ್ಲ.

ಕಿಟಕಿಯಿಂದ ಕೆಳಗೆ ನೋಡಿದ. ಲಾರಿಯ ಹಿಂದೆ ಕಂಬಳಿ ಸುತ್ತಿದ ಎರಡು ಬಾಗಿಲು ಹಗ್ಗ ಬಿಗಿಸಿಕೊಂಡು ನಿಂತಿದ್ದವು. ಲಾರಿ ಗೇಟು ದಾಟಿತು. ಆಮೇಲೆ ಪಾರ್ಕಿಂಗಿನಲ್ಲಿ ಅದು ನಿಂತಿದ್ದ ಒಣ ಜಾಗವೊಂದೇ ಉಳಿಯಿತು. ಸುತ್ತಲೂ ತೆಳ್ಳಗೆ ಹಿಮ.

ಅವನು ಅಡುಗೆಮನೆಗೆ ಹೋಗಿ ಸಿಂಕಿನ ಕೆಳಗೆ ಬಗ್ಗಿದ. ನಾಲ್ಕನೆಯ ವಾಲ್ವ್ ತುಕ್ಕು ಹಿಡಿದಿರಬಹುದು ಎಂದುಕೊಂಡಿದ್ದ. ಬೆರಳು ಸೋಕಿದರೆ ಸಾಕೆಂಬಂತೆ ತಿರುಗಿತು. ಎಲ್ಲೋ ದೂರದಲ್ಲಿ, ಕೊಳವೆಯಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಗುಳುಗುಳು ಎಂದು, ಒಳಕೋಣೆಯ ನೆಲದಡಿ ಹಾಯ್ದು, ಸುಮ್ಮನಾಯಿತು.

ರಜಾಯಿಯೊಳಗಿನ ಬಟ್ಟಲನ್ನು ಎತ್ತಿಕೊಂಡ. ಬಿಸಿಯಾಗಿಯೇ ಇತ್ತು. ಗೋಡೆಯಿಂದ ಮೀಟರನ್ನೂ ಕಳಚಿ ಒಳಕೋಣೆಗೆ ಒಯ್ದ. ಬಾಗಿಲಿಲ್ಲದ ಬೀರು ಕೋಣೆಯ ನಡುವೆ ಓರೆಯಾಗಿ ನಿಂತಿತ್ತು, ಒಳಗೆ ಅವಳ ಅಮ್ಮನ ಹೊದಿಕೆ. ಅವನು ಅದರ ಪಕ್ಕದಲ್ಲಿ, ಕಪ್ಪು ಗೋಡೆಗೆ ಎದುರಾಗಿ, ಬರಿನೆಲದ ಮೇಲೆ ಕೂತ. ಮೀಟರನ್ನು ಮುಂದಿಟ್ಟ. ತೇವದ ಅಂಕಿ ಏರತೊಡಗಿತು, ಅರವತ್ತು, ಎಪ್ಪತ್ತು. ಅವನು ಅದನ್ನು ಬೋರಲು ಹಾಕಿದ.

ಬಟ್ಟಲ ಮುಚ್ಚಳ ತೆಗೆದು ಕೈಯಲ್ಲೇ ಒಂದು ತುತ್ತು ತಿಂದ. ಸೀದ ವಾಸನೆ ಹತ್ತಿತ್ತು.

ತಣ್ಣಗಾದ ನೆಲ ಕಾಯಲು ಎಷ್ಟು ಹೊತ್ತು ಬೇಕು? ಅದಕ್ಕೊಂದು ಸೂತ್ರವಿತ್ತು, ಅವನೇ ಕಂಡುಹಿಡಿದದ್ದು. ಎಲ್ಲಿಂದ ಶುರುವಾಗುತ್ತದೆ ಎಂದು ನೆನಪಾಗಲಿಲ್ಲ. ಕೂತಲ್ಲೇ ಮಧ್ಯಾಹ್ನ ಕಳೆದು, ಹೊರಗೆ ಬೆಳಕು ಇಳಿಯುತ್ತಿತ್ತು. ಕಿಟಕಿಯ ಮಂಜು ಕರಗಿ ನೀರಾಗಿ ಚೌಕಟ್ಟಿನಿಂದ ತೊಟ್ಟಿಕ್ಕತೊಡಗಿತು. ಕೋಣೆಯಲ್ಲಿ ಬಿಸಿಗೆ ಮೊದಲು ಎಚ್ಚರವಾದದ್ದು ಬೂಷ್ಟಿನ ವಾಸನೆ.

ಅವನು ಬಟ್ಟಲನ್ನು ಬದಿಗಿಟ್ಟು, ಅವಳು ಮಲಗುತ್ತಿದ್ದ ಜಾಗದಲ್ಲಿ ಅಂಗೈ ಊರಿದ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದ. ಕೈಯಡಿ ಬೆಚ್ಚಗೆನಿಸಿತು. ಕೈ ಎತ್ತಿ ಪಕ್ಕದಲ್ಲಿಟ್ಟ: ತಣ್ಣಗಿತ್ತು. ಕಾದ, ಅಲ್ಲೂ ಬೆಚ್ಚಗಾಯಿತು. ಮತ್ತೆ ಎತ್ತಿದ, ಇನ್ನೊಂದು ಕಡೆ ಇಟ್ಟ. ನೆಲ ಕಾಯುತ್ತಿದೆಯೋ, ತನ್ನ ಕೈಯೇ ನೆಲವನ್ನು ಕಾಯಿಸುತ್ತಿದೆಯೋ ತಿಳಿಯದೆ, ಆ ಕತ್ತಲಾಗುತ್ತಿದ್ದ ಕೋಣೆಯ ತುಂಬ ಮಂಡಿಯ ಮೇಲೆ ತೆವಳುತ್ತ, ಒಂದೊಂದೇ ಜಾಗವನ್ನು ಮುಟ್ಟಿ ನೋಡುತ್ತ ಹೋದ.